ರಾತ್ರಿ ಓದಿಗೆ, ತಡರಾತ್ರಿಯ ಏಕಾಂತಕ್ಕೆ ವಾದ್ಯಸಂಗೀತ: ಆಯ್ದು, ಅಳೆದು, ಜೋಡಿಸಿಕೊಳ್ಳುವ ಬಗೆ

ಪಿಯುಸಿ ಓದುವ ಮಕ್ಕಳು, ಅವರ ತಾಯಂದಿರು, ಕೆಎಎಸ್ ತಯಾರಿಯಲ್ಲಿರುವವರು, ರಾತ್ರಿ ಪಾಳಿ ಮುಗಿಸಿ ಬಂದು ನಿದ್ದೆ ಹತ್ತದವರು, ಎಲ್ಲರೂ ನನ್ನನ್ನು ಕೇಳುವುದು ಒಂದೇ ಮಾತು: "ಹಾಡಿಲ್ಲದ, ಮನಸ್ಸಿಗೆ ಹಿತವಾದ ಸಂಗೀತ ಏನಾದರೂ ಹೇಳಿ." ಮೊದಮೊದಲು ಒಂದೆರಡು ಹೆಸರು ಹೇಳಿ ಕಳಿಸುತ್ತಿದ್ದೆ. ವಾರ ಕಳೆದ ಮೇಲೆ ಅವರೇ ಬಂದು, "ಸಂಗೀತ ಬಹಳ ಚೆನ್ನಾಗಿತ್ತು, ಓದು ಮಾತ್ರ ಸಾಗಲಿಲ್ಲ" ಅನ್ನುತ್ತಿದ್ದರು. ಬರೀ ಹೆಸರು ಕೊಟ್ಟರೆ ಸಾಲದು ಅನ್ನುವುದು ಆಗ ತಿಳಿಯಿತು. ಒಂದೇ ಧ್ವನಿಮುದ್ರಣದೊಳಗೆ ಓದಿಗೆ ಜೊತೆ ಕೊಡುವ 20 ನಿಮಿಷವೂ ಇರುತ್ತದೆ, ಪುಸ್ತಕ ಮುಚ್ಚಿಸಿಬಿಡುವ 10 ನಿಮಿಷವೂ ಇರುತ್ತದೆ. ಇವೆರಡನ್ನು ಬೇರ್ಪಡಿಸುವುದು ಗೊತ್ತಾದರೆ ಪಟ್ಟಿಯನ್ನು ನೀವೇ ಕಟ್ಟಿಕೊಳ್ಳಬಹುದು.

ಈ ಬರಹದಲ್ಲಿ ಹೆಚ್ಚು ಜಾಗ ನಮ್ಮ ಶಾಸ್ತ್ರೀಯ ವಾದ್ಯಸಂಗೀತಕ್ಕೇ ಸಿಕ್ಕಿದೆ. ಅದು ನನಗೆ ಹತ್ತಿರದ್ದು. ಜೊತೆಗೆ, ರಾತ್ರಿಯ ಒಂದೊಂದು ಜಾವಕ್ಕೂ ರಾಗಗಳನ್ನು ಎತ್ತಿಟ್ಟಿರುವ ಸಂಗೀತ ಮನೆಯಲ್ಲೇ ಇರುವಾಗ ಅಲ್ಲಿಂದ ಶುರು ಮಾಡುವುದೇ ಸರಿ.

ಏನೇನು ಬೇಕು

ಒಂದು ಫೋನ್. ಒಂದು ಹೆಡ್‌ಫೋನ್ ಅಥವಾ ಸಣ್ಣ ಸ್ಪೀಕರ್. ಒಂದು ಕಾಗದ, ಪೆನ್ನು. ದುಬಾರಿ ಹೆಡ್‌ಫೋನ್ ಬೇಕಾಗಿಲ್ಲ. ಕೋಣೆಯಲ್ಲಿ ಒಬ್ಬರೇ ಇರುವುದಾದರೆ ಮೇಜಿನಿಂದ ನಾಲ್ಕು ಅಡಿ ದೂರದಲ್ಲಿಟ್ಟ ಸ್ಪೀಕರೇ ಒಳ್ಳೆಯದು, ಕಿವಿಗೂ ಆರಾಮ. ಹಾಸ್ಟೆಲ್ಲಿನಲ್ಲೋ ಪಿಜಿಯಲ್ಲೋ ಇರುವವರಿಗೆ ಕಿವಿಯ ಮೇಲೆ ಕೂರುವ ಹೆಡ್‌ಫೋನ್ ಸಾಕು. ಕಾಗದ ಯಾಕೆ ಅನ್ನುವುದು 3ನೇ ಹಂತದಲ್ಲಿ ತಿಳಿಯುತ್ತದೆ.

ಹಂತ 1: ಮೊದಲು ಯಾವ ಓದು ಅಂತ ನೋಡಿ

ಎಲ್ಲ ಓದಿಗೂ ಸಂಗೀತ ಹೊಂದುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡರೆ ಅರ್ಧ ತೊಂದರೆ ಕಳೆಯಿತು.

ಬಾಯಿಪಾಠ ಮಾಡುವಾಗ, ಇಸವಿ, ಸೂತ್ರ, ಪಾರಿಭಾಷಿಕ ಪದಗಳನ್ನು ನೆನಪಿಗೆ ಹಾಕಿಕೊಳ್ಳುವಾಗ, ಗಟ್ಟಿ ಗದ್ಯವನ್ನು ಮೊದಲ ಸಲ ಓದುವಾಗ ಏನೂ ಹಾಕಬೇಡಿ. ಆ ಹೊತ್ತಿನಲ್ಲಿ ನಾವು ಮನಸ್ಸಿನೊಳಗೇ ಮಾತನಾಡಿಕೊಳ್ಳುತ್ತಿರುತ್ತೇವೆ. ಹೊರಗಿನಿಂದ ಇನ್ನೊಂದು ಮಾತು ಬಿದ್ದರೆ ಒಳಗಿನದು ತಡವರಿಸುತ್ತದೆ. ಪಿಯರ್ ಸಲಾಮೆ ಮತ್ತು ಆಲನ್ ಬ್ಯಾಡ್ಲಿ ಎಂಬ ಮನೋವಿಜ್ಞಾನಿಗಳು 1989ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅಂಕಿಗಳ ಸಾಲನ್ನು ನೆನಪಿಟ್ಟುಕೊಳ್ಳುವ ಕೆಲಸಕ್ಕೆ ವಾದ್ಯಸಂಗೀತಕ್ಕಿಂತ ಹಾಡು ಹೆಚ್ಚು ಅಡ್ಡಿಯಾಗುತ್ತದೆ ಎಂದು ಕಂಡುಬಂತು. ಹಾಡಿಲ್ಲದ್ದನ್ನೇ ಕೇಳಿ ಅನ್ನುವುದಕ್ಕೆ ಇದೇ ಆಧಾರ.

ಲೆಕ್ಕ ಬಿಡಿಸುವುದು, ನೋಟ್ಸ್ ಬರೆದುಕೊಳ್ಳುವುದು, ನಕ್ಷೆ ಬಿಡಿಸುವುದು, ಕೋಡ್ ಬರೆಯುವುದು, ಒಮ್ಮೆ ಓದಿದ್ದನ್ನು ಮತ್ತೆ ತಿರುವಿ ಹಾಕುವುದು, ಇವಕ್ಕೆಲ್ಲ ವಾದ್ಯಸಂಗೀತ ಒಳ್ಳೆಯ ಜೊತೆ. ಕೈ ಒಂದೇ ಲಯದಲ್ಲಿ ಓಡುತ್ತಿರುತ್ತದೆ, ಮನಸ್ಸಿಗೆ ಅಲೆಯಲು ತುಸು ಪುರುಸೊತ್ತು ಇರುತ್ತದೆ. ಆ ಪುರುಸೊತ್ತನ್ನು ಸಂಗೀತ ತುಂಬುತ್ತದೆ.

ನಿಮಗೆ ಹೇಗೆ ಅಂತ ನೋಡಲು ಒಂದು ಸುಲಭದ ಪರೀಕ್ಷೆ ಇದೆ. ಒಂದೇ ಬಗೆಯ 10 ಲೆಕ್ಕ ಸದ್ದಿಲ್ಲದೆ ಮಾಡಿ, ಇನ್ನು 10 ಲೆಕ್ಕ ಸಂಗೀತದ ಜೊತೆ ಮಾಡಿ. ಹಿಡಿದ ಹೊತ್ತು, ಆದ ತಪ್ಪು ಎರಡನ್ನೂ ಬರೆದಿಡಿ. ಮೂರು ದಿನ ಹೀಗೆ ಮಾಡಿದರೆ ಉತ್ತರ ಕಾಗದದ ಮೇಲೇ ಇರುತ್ತದೆ.

ಎಚ್ಚರಿಕೆ: "ಈ ಸಂಗೀತ ಕೇಳಿದರೆ ಬುದ್ಧಿ ಚುರುಕಾಗುತ್ತದೆ" ಅನ್ನುವ ಶೀರ್ಷಿಕೆಗಳನ್ನು ನಂಬಬೇಡಿ. ಇದರ ಮೂಲ 1993ರ ಒಂದು ಸಣ್ಣ ಪ್ರಯೋಗ. 36 ಕಾಲೇಜು ವಿದ್ಯಾರ್ಥಿಗಳು 10 ನಿಮಿಷ ಮೊಜಾರ್ಟ್ ರಚನೆಯೊಂದನ್ನು ಕೇಳಿದರು. ಆಕಾರಗಳನ್ನು ಮನಸ್ಸಿನಲ್ಲೇ ಮಡಚಿ ಬಿಡಿಸುವಂಥ ಪರೀಕ್ಷೆಯಲ್ಲಿ ಅವರಿಗೆ ತುಸು ಹೆಚ್ಚು ಅಂಕ ಬಂತು. ಆ ಪರಿಣಾಮ 10–15 ನಿಮಿಷದಲ್ಲೇ ಕರಗಿತು. ಮುಂದೆ ಅದು ಮಕ್ಕಳ ಬುದ್ಧಿ ಬೆಳೆಸುವ ಔಷಧಿಯಂತೆ ಮಾರಾಟವಾಯಿತು. 432 ಹರ್ಟ್ಸ್ (ಶ್ರುತಿಯ ಒಂದು ಕಂಪನಾಂಕ), ಬೈನಾರಲ್ ಬೀಟ್ಸ್ (ಎರಡು ಕಿವಿಗೂ ತುಸು ಬೇರೆ ಬೇರೆ ಶ್ರುತಿ ಕೊಟ್ಟು ಹುಟ್ಟಿಸುವ ಕಂಪನ) ಎಂದೆಲ್ಲ ಬರೆದ ವಿಡಿಯೋಗಳನ್ನೂ ಅಷ್ಟೇ ಜೋಪಾನವಾಗಿ ನೋಡಿ. ಕೇಳಲು ಹಿತವಾಗಿದ್ದರೆ ಧಾರಾಳವಾಗಿ ಕೇಳಿ, ಅಂಕಪಟ್ಟಿಯ ಆಸೆ ಬೇಡ.

ಹಂತ 2: ಸದ್ದನ್ನು ಇಳಿಸಿ, ಇನ್ನೂ ಸ್ವಲ್ಪ ಇಳಿಸಿ

ಇಂಗ್ಲೆಂಡಿನ ಸಂಗೀತಗಾರ ಬ್ರಯನ್ ಈನೋ 1975ರಲ್ಲಿ ಅಪಘಾತವಾಗಿ ಹಾಸಿಗೆ ಹಿಡಿದಿದ್ದರು. ನೋಡಲು ಬಂದ ಗೆಳತಿ 18ನೇ ಶತಮಾನದ ಹಾರ್ಪ್ ಸಂಗೀತದ ಒಂದು ಎಲ್‌ಪಿ (ಗ್ರಾಮಾಫೋನ್ ತಟ್ಟೆ) ಕೊಟ್ಟು ಹೋದರು. ಕಷ್ಟಪಟ್ಟು ಎದ್ದು ಅದನ್ನು ಹಾಕಿ ಬಂದು ಮಲಗಿದ ಮೇಲೆ ಗೊತ್ತಾಯಿತು, ಸದ್ದು ತೀರಾ ಕಡಿಮೆಯಾಗಿದೆ, ಸ್ಪೀಕರಿನ ಒಂದು ಕಡೆಯಂತೂ ಕೆಲಸವನ್ನೇ ಮಾಡುತ್ತಿಲ್ಲ. ಮತ್ತೆ ಏಳುವ ತ್ರಾಣವಿರಲಿಲ್ಲ. ಹೊರಗೆ ಮಳೆ. ಹಾರ್ಪಿನ ಒಂದೊಂದು ತಂತಿಯ ದನಿ ಮಳೆಯ ಸದ್ದಿನ ನಡುವೆ ಮುಳುಗಿ ಏಳುತ್ತಿತ್ತು. ಕೋಣೆಯ ಬೆಳಕಿನ ಹಾಗೆ, ಮಳೆಯ ಹಾಗೆ ಸಂಗೀತವೂ ಪರಿಸರದ ಒಂದು ಭಾಗವಾಗಿರಬಹುದು ಎಂಬ ಯೋಚನೆ ಅವರಿಗೆ ಅಲ್ಲಿ ಹುಟ್ಟಿತು. 'ಆ್ಯಂಬಿಯೆಂಟ್' ಅಂದರೆ ಸುತ್ತಲೂ ಹರಡಿಕೊಂಡಿರುವ ಸಂಗೀತ ಎಂಬ ಹೆಸರನ್ನು ಅವರು ಒಂದು ಆಲ್ಬಮ್ಮಿಗೆ ಇಟ್ಟದ್ದು 1978ರಲ್ಲಿ.

ಈ ಕಥೆಯನ್ನು ಇಲ್ಲಿ ಹೇಳಿದ್ದು ವಾಲ್ಯೂಮಿಗಾಗಿ. ಓದಿನ ಸಂಗೀತಕ್ಕೆ ಸರಿಯಾದ ಮಟ್ಟ ಆ ಮಳೆಯ ಮಟ್ಟವೇ. ಅಳತೆ ಹೀಗೆ: ಸ್ಪೀಕರಿನಲ್ಲಿ ಕೇಳುವಾಗ ಫ್ಯಾನಿನ ಸದ್ದು, ಸಂಗೀತ ಎರಡೂ ಒಟ್ಟಿಗೆ ಕೇಳಿಸಬೇಕು. ಹೆಡ್‌ಫೋನಿನಲ್ಲಾದರೆ, ನೀವು ಪುಟ ತಿರುವಿದ ಸದ್ದು ನಿಮಗೆ ಕೇಳಿಸಬೇಕು. ಕೇಳಿಸದಿದ್ದರೆ ಎರಡು ಗೆರೆ ಇಳಿಸಿ. ಮೊದಲ ಐದು ನಿಮಿಷ "ಸಾಲದು" ಅನ್ನಿಸುತ್ತದೆ, ಆಮೇಲೆ ಕಿವಿ ಒಗ್ಗುತ್ತದೆ.

ಆರೋಗ್ಯದ ಮಾತೂ ಇದರಲ್ಲೇ ಬಂತು. ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಮಿತಿ, ಮಕ್ಕಳಿಗೆ 75. ಡೆಸಿಬೆಲ್ ಸಂಖ್ಯೆ 3 ಏರಿದರೆ ಕಿವಿಗೆ ಬೀಳುವ ಶಕ್ತಿ ಇಮ್ಮಡಿ, ಹಾಗಾಗಿ ಕೇಳಬಹುದಾದ ಹೊತ್ತು ಅರ್ಧ. ದಿನಕ್ಕೆ ನಾಲ್ಕೈದು ಗಂಟೆ ಕಿವಿಗೆ ಏನಾದರೂ ಹಾಕಿಕೊಂಡೇ ಇರುವವರು ಇದನ್ನು ಮರೆಯಬಾರದು. ಪಕ್ಕದ ಕೋಣೆಯ ಗಲಾಟೆ ಮುಚ್ಚಲೆಂದು ವಾಲ್ಯೂಮ್ ಏರಿಸುವುದು ಎಲ್ಲರೂ ಮಾಡುವ ತಪ್ಪು. ಗಲಾಟೆಗೆ ಬೇರೆ ಮದ್ದು 5ನೇ ಹಂತದಲ್ಲಿದೆ.

ಹಂತ 3: ರಾಗದ ಧ್ವನಿಮುದ್ರಣವನ್ನು ಬಿಡಿಸಿ ನೋಡಿ

ಇಡೀ ಬರಹದಲ್ಲಿ ಮುಖ್ಯವಾದ ಹಂತ ಇದು, ಹಾಗಾಗಿ ನಿಧಾನವಾಗಿ ಹೋಗೋಣ.

ಸಿತಾರ್, ಸರೋದ್, ಬಾನ್ಸುರಿ (ಹಿಂದುಸ್ತಾನಿ ಕೊಳಲು), ಸಂತೂರ್ ಯಾವುದೇ ಇರಲಿ, ಹಿಂದುಸ್ತಾನಿ ವಾದ್ಯದಲ್ಲಿ ಪೂರ್ತಿ ನುಡಿಸಿದ ರಾಗ ಒಂದು ಕ್ರಮದಲ್ಲಿ ಸಾಗುತ್ತದೆ. ಮೊದಲು ಆಲಾಪ: ತಾಳವಿಲ್ಲ, ತಬಲಾ ಇಲ್ಲ, ಹಿಂದೆ ತಂಬೂರಿ ಮಾತ್ರ, ಒಂದೊಂದೇ ಸ್ವರ ಬಿಚ್ಚುತ್ತಾ ಹೋಗುವುದು. ಆಮೇಲೆ ಜೋಡ್: ತಬಲಾ ಇನ್ನೂ ಇಲ್ಲ, ಆದರೆ ಮೀಟಿಗೆ ಒಂದು ಸಮನಾದ ನಡಿಗೆ ಬರುತ್ತದೆ. ನಂತರ ಝಾಲಾ: ಸಿತಾರ್, ಸರೋದಿನಲ್ಲಾದರೆ ಚಿಕಾರಿ ತಂತಿಗಳನ್ನು (ಪಕ್ಕದಲ್ಲಿರುವ ಎತ್ತರದ ಶ್ರುತಿಯ ತಂತಿ) ಬೇಗ ಬೇಗ ಮೀಟಿ ವೇಗ ಏರಿಸುವುದು. ಅದಾದ ಮೇಲೆ ತಬಲಾ ಸೇರಿ ವಿಲಂಬಿತ ಗತ್ (ತಾಳಕ್ಕೆ ಕಟ್ಟಿದ ನಿಧಾನದ ರಚನೆ), ದ್ರುತ ಗತ್ (ವೇಗದ್ದು), ಕೊನೆಗೆ ಮತ್ತೆ ಝಾಲಾ.

ಓದಿಗೆ ಬೇಕಾದದ್ದು ಆಲಾಪ ಮತ್ತು ಜೋಡ್. ಬಹಳವೆಂದರೆ ವಿಲಂಬಿತ ಗತ್ತಿನ ಮೊದಲ ಹತ್ತು ನಿಮಿಷ. ಝಾಲಾ ಮತ್ತು ದ್ರುತ್ ಕೇಳುಗನನ್ನು ಎದ್ದು ಕೂರಿಸಲೆಂದೇ ಇರುವುದು, ಅವು ಬಂದರೆ ನಿಮ್ಮ ಕಣ್ಣು ಸಾಲಿನ ಮೇಲೆ ಓಡುತ್ತಿರುತ್ತದೆ, ತಲೆಗೆ ಏನೂ ಹೋಗಿರುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ನಾನು ಹೀಗೆ ಒಂದು ಸಿತಾರ್ ಮುದ್ರಣ ಹಾಕಿ ಕೂತು, ಝಾಲಾ ಮುಗಿದು ಚಪ್ಪಾಳೆ ಕೇಳಿದಾಗ ಅದೇ ಪುಟದಲ್ಲೇ ಇದ್ದೆ.

ಈಗ ಕಾಗದ ತೆಗೆಯಿರಿ. ಬೇಕಾದ ಮುದ್ರಣವನ್ನು ಹಗಲಲ್ಲಿ, ಓದಿಲ್ಲದ ಹೊತ್ತಿನಲ್ಲಿ ಒಮ್ಮೆ ಪೂರ್ತಿ ಕೇಳಿ. ಆಲಾಪ ಎಷ್ಟು ನಿಮಿಷಕ್ಕೆ ಮುಗಿಯಿತು, ಝಾಲಾ ಎಲ್ಲಿ ಶುರು, ತಬಲಾ ಎಲ್ಲಿ ಸೇರಿತು, ಎಲ್ಲಿ ವೇಗ ಏರಿತು, ನಾಲ್ಕೇ ಗುರುತು ಹಾಕಿಕೊಳ್ಳಿ. ಹತ್ತು ಮುದ್ರಣಗಳಿಗೆ ಹೀಗೆ ಗುರುತು ಹಾಕಿಟ್ಟರೆ ಒಂದು ಪರೀಕ್ಷೆಯ ಋತುವಿಗೆ ಸಾಕು. ಎಷ್ಟೋ ಕಡೆ ಆಲಾಪ, ಜೋಡ್, ಗತ್ ಬೇರೆ ಬೇರೆ ಟ್ರ್ಯಾಕ್ ಆಗಿಯೇ ಇರುತ್ತವೆ, ಆಗ ಇನ್ನೂ ಸುಲಭ.

ಆಲಾಪ ಓದಿಗೆ ಯಾಕೆ ಒದಗುತ್ತದೆ ಅಂತ ಹತ್ತಿರದಿಂದ ನೋಡಬೇಕಾದರೆ ಸರೋದಿನಲ್ಲಿ ಮಾಲಕೌಂಸ್ ಹಾಕಿ. ಮೊದಲು ತಂಬೂರಿ. ಸಾಮಾನ್ಯವಾಗಿ ಅದರ ಮೊದಲ ತಂತಿ ಪಂಚಮದಲ್ಲಿರುತ್ತದೆ, ಇಲ್ಲಿ ಅದನ್ನು ಮಧ್ಯಮಕ್ಕೆ ಇಳಿಸಿರುತ್ತಾರೆ. ಮಾಲಕೌಂಸಿನಲ್ಲಿ ಪಂಚಮವೇ ಇಲ್ಲ, ರಿಷಭವೂ ಇಲ್ಲ. ಷಡ್ಜ, ಕೋಮಲ ಗಾಂಧಾರ, ಮಧ್ಯಮ, ಕೋಮಲ ಧೈವತ, ಕೋಮಲ ನಿಷಾದ, ಇಷ್ಟೇ. ಸರೋದಿನವರು ಷಡ್ಜ ಮೀಟಿ ಸುಮ್ಮನಾಗುತ್ತಾರೆ. ಆ ನಾದ ಆರುತ್ತಾ ಆರುತ್ತಾ ತಂಬೂರಿಯೊಳಗೆ ಸೇರಿಹೋಗುವವರೆಗೆ ಏನೂ ನಡೆಯುವುದಿಲ್ಲ. ಆಮೇಲೆ ಕೆಳಗಿನ ನಿಷಾದ. ಅಲ್ಲಿಂದ ಧೈವತಕ್ಕೆ ಒಂದು ಜಾರು. ಸರೋದಿಗೆ ಮೆಟ್ಟಿಲಿಲ್ಲ, ನುಣುಪಾದ ಲೋಹದ ಹಲಗೆಯ ಮೇಲೆ ಉಗುರಿನಂಚಿನಲ್ಲಿ ತಂತಿ ಒತ್ತಿ ಸರಿಸುವುದರಿಂದ ಎರಡು ಸ್ವರಗಳ ನಡುವಿನ ದಾರಿಯೂ ಕೇಳಿಸುತ್ತದೆ. ಮತ್ತೆ ಮೌನ. ಹೀಗೆ ಏಳೆಂಟು ನಿಮಿಷ ಕಳೆದರೂ ಮೇಲಿನ ಮಧ್ಯಮದ ಆಚೆ ಹೋಗಿರುವುದಿಲ್ಲ. ಹೊಸ ಸ್ವರ ಬರುವುದಕ್ಕೆ ಮುಂಚೆ ಅದರ ಸುಳಿವು ಸಿಕ್ಕಿರುತ್ತದೆ, ಕಿವಿಗೆ ಎಲ್ಲೂ ಬೆಚ್ಚಿಬೀಳುವ ಕೆಲಸವಿಲ್ಲ. ನೀವು ಒಂದು ಲೆಕ್ಕ ಬಿಡಿಸಿ ತಲೆ ಎತ್ತಿದಾಗ ಸಂಗೀತ ಅಲ್ಲೇ, ನೀವು ಬಿಟ್ಟ ಜಾಗದ ಹತ್ತಿರದಲ್ಲೇ ಇರುತ್ತದೆ.

ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಒಂದು ಬೇರೆ ತೊಡಕಿದೆ. ಕಛೇರಿಯಲ್ಲಿ ವೀಣೆಯೋ ಕೊಳಲೋ ನುಡಿಸುವುದು ಬಹುಪಾಲು ಕೃತಿಗಳನ್ನು, ಅಂದರೆ ಸಾಹಿತ್ಯವಿರುವ ಹಾಡುಗಳನ್ನು. ನಿಮಗೆ ಆ ಸಾಹಿತ್ಯ ಬಾಯಿಗೆ ಬರುತ್ತಿದ್ದರೆ ವಾದ್ಯದಲ್ಲಿ ಕೇಳಿದರೂ ತಲೆಯೊಳಗೆ ಹಾಡು ಶುರುವಾಗಿಬಿಡುತ್ತದೆ. ದೇವರನಾಮ, ಭಾವಗೀತೆಗಳ ವಾದ್ಯರೂಪಕ್ಕೂ ಇದೇ ಮಾತು, ಕೊಳಲಿನಲ್ಲಿ ನುಡಿಸಿದ ಸಿನಿಮಾ ಹಾಡಿಗಂತೂ ಇನ್ನೂ ಹೆಚ್ಚು. 'ಇನ್‌ಸ್ಟ್ರುಮೆಂಟಲ್' ಅಂತ ಬರೆದಿದ್ದರೂ ಓದಿಗೆ ಅದು ಹಾಡೇ. ನನ್ನನ್ನು ಕೇಳಿದವರಲ್ಲಿ ಎಷ್ಟೋ ಜನ ಎಡವಿದ್ದು ಇಲ್ಲಿಯೇ.

ಹಾಗಾದರೆ ಏನು ಕೇಳಬೇಕು? ರಾಗಾಲಾಪನೆ ಮತ್ತು ತಾನ. ತಾನ ಅಂದರೆ ಸಾಹಿತ್ಯವಿಲ್ಲದೆ, ಸಾಮಾನ್ಯವಾಗಿ ಮೃದಂಗವಿಲ್ಲದೆ, ರಾಗವನ್ನು ಲಯದ ಉಸಿರಿನಲ್ಲಿ ಹೆಣೆಯುವುದು. ಅದಕ್ಕೆ ವೀಣೆಯನ್ನು ಮೀರಿಸಿದ ವಾದ್ಯವಿಲ್ಲ, ಮೈಸೂರು ಬಾನಿಯ ವೀಣೆಗಂತೂ ಅದು ಮನೆಮಾತು. ವೀಣೆ ಶೇಷಣ್ಣನವರ ಕಾಲದಿಂದ ಬಂದ ದಾರಿ, ವೆಂಕಟಗಿರಿಯಪ್ಪನವರ ಕೈಯಿಂದ ವಿ. ದೊರೆಸ್ವಾಮಿ ಅಯ್ಯಂಗಾರ್ (1920–1997) ಅವರಿಗೆ ದಾಟಿತು. ಅವರ ಮೀಟು ಸ್ಪಷ್ಟ, ಶಾಂತ. ಒಂದೊಂದು ಸ್ವರವೂ ತನ್ನ ಜಾಗದಲ್ಲಿ ಬಿದ್ದು ಗುಂಯ್‌ಗುಟ್ಟಿ ಆರುತ್ತದೆ. ಅವರ ಮುದ್ರಣಗಳಲ್ಲಿ ತಾನದ ಭಾಗವನ್ನು ಹುಡುಕಿ ಗುರುತು ಹಾಕಿಟ್ಟುಕೊಳ್ಳಿ. ರಾಗ-ತಾನ-ಪಲ್ಲವಿಯ ಮುದ್ರಣ ಸಿಕ್ಕರೆ ಪಲ್ಲವಿ ಶುರುವಾಗುವ ಮುಂಚೆ ನಿಲ್ಲಿಸಿ, ತನಿ ಆವರ್ತನ (ತಾಳವಾದ್ಯಗಳು ಮಾತ್ರ ನುಡಿಸುವ ಭಾಗ) ಓದಿಗೆ ಖಂಡಿತ ಬೇಡ. ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ನನಗೆ ಪ್ರಾಣ. ಆದರೆ ಆ ಉಕ್ಕುವ ನಾದ ಬೆಳಗಿನ ಬಿಸಿಲಿಗೆ ಹೊಂದುತ್ತದೆ, ರಾತ್ರಿ ಹತ್ತರ ಮೇಜಿಗೆ ಹೊಂದುವುದಿಲ್ಲ.

ಹಂತ 4: ಹೊತ್ತಿಗೆ ತಕ್ಕ ರಾಗ ಇಡಿ

ಹಿಂದುಸ್ತಾನಿ ಪದ್ಧತಿಯಲ್ಲಿ ದಿನವನ್ನು ಮೂರು ಮೂರು ಗಂಟೆಯ 8 ಪ್ರಹರಗಳಾಗಿ (ಜಾವ) ಹಂಚಿ, ರಾಗಗಳಿಗೆ ಹೊತ್ತು ಗೊತ್ತು ಮಾಡಿದ್ದಾರೆ. ಇದನ್ನು ವಿಜ್ಞಾನದ ನಿಯಮವೆಂದು ಹೇಳುತ್ತಿಲ್ಲ. ಆದರೆ ಪಟ್ಟಿ ಕಟ್ಟುವವರಿಗೆ ಇದು ಸಿದ್ಧವಾಗಿ ಸಿಕ್ಕಿರುವ ವೇಳಾಪಟ್ಟಿ. ಕೆಲವು ವಾರ ಅದೇ ಹೊತ್ತಿಗೆ ಅದೇ ರಾಗ ಕೇಳಿದರೆ ಮನಸ್ಸು ತಾನಾಗಿ ಪುಸ್ತಕದ ಕಡೆ ತಿರುಗುತ್ತದೆ, ದೀಪ ಹಚ್ಚುವ ಹೊತ್ತಿಗೆ ಕೈ ಬೆಂಕಿಪೊಟ್ಟಣ ಹುಡುಕುವ ಹಾಗೆ.

ಸಂಜೆ 6ರಿಂದ 9: ಯಮನ್. ತೆರೆದ ಮನಸ್ಸಿನ ರಾಗ, ನಮ್ಮ ಕಲ್ಯಾಣಿಗೆ ಹತ್ತಿರ. ಓದು ಶುರು ಮಾಡಲು ಇದಕ್ಕಿಂತ ಒಳ್ಳೆಯದಿಲ್ಲ. ಬಾನ್ಸುರಿಯಲ್ಲಿ ಕೇಳಿ. ಪನ್ನಾಲಾಲ್ ಘೋಷ್ (1911–1960) ಸುಮಾರು 32 ಅಂಗುಲದ ಉದ್ದ ಬಿದಿರು ಹಿಡಿದು ಕೊಳಲಿಗೆ ಆಳದ ದನಿ ಕೊಟ್ಟರು, ಮುಂದೆ ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲೂ ಆ ದೊಡ್ಡ ಬಿದಿರಿನದೇ. ಸಣ್ಣ ಕೊಳಲಿನ ಕೀಚಲು ಎತ್ತರ ಇದರಲ್ಲಿಲ್ಲ, ಕಿವಿಗೆ ದಣಿವಾಗುವುದಿಲ್ಲ.

9ರಿಂದ 12: ಬಿಹಾಗ್, ಬಾಗೇಶ್ರೀ, ಜೋಗ್. ನನ್ನ ಆಯ್ಕೆ ಬಾಗೇಶ್ರೀ, ವಾದ್ಯ ಸಿತಾರ್. ನಿಖಿಲ್ ಬ್ಯಾನರ್ಜಿ (1931–1986) ಆಲಾಪದಲ್ಲಿ ಆತುರಪಡುವವರೇ ಅಲ್ಲ.

ನಡುರಾತ್ರಿ ದಾಟಿದ ಮೇಲೆ: ದರ್ಬಾರಿ ಕಾನಡಾ, ಮಾಲಕೌಂಸ್. ಕಾನಡಾ ಎಂಬ ಹೆಸರಿನಲ್ಲಿ ನಮ್ಮ ಕರ್ಣಾಟಕವೇ ಇದೆ ಎನ್ನುತ್ತಾರೆ, ತಾನ್‌ಸೇನ್ ಅದನ್ನು ಅಕ್ಬರನ ದರ್ಬಾರಿಗೆ ಒಯ್ದನೆಂಬುದು ಪ್ರತೀತಿ. ದರ್ಬಾರಿಯ ಕೋಮಲ ಗಾಂಧಾರ ನಿಂತಲ್ಲಿ ನಿಲ್ಲದೆ ನಿಧಾನಕ್ಕೆ ತೂಗುತ್ತದೆ, ಅದಕ್ಕೆ ಆಂದೋಲನ ಎನ್ನುತ್ತಾರೆ. ಆ ತೂಗಾಟ ಎಷ್ಟು ಆಳಕ್ಕೆ ಎಳೆಯುತ್ತದೆಂದರೆ, ಪರೀಕ್ಷೆ ಹತ್ತಿರವಿರುವವರಿಗೆ ನಾನು ಈ ರಾಗ ಹೇಳುವುದಿಲ್ಲ. ಓದು ಮುಗಿದ ಮೇಲಿನದು ಅದು. 7ನೇ ಹಂತಕ್ಕೆ ಎತ್ತಿಟ್ಟುಕೊಳ್ಳಿ.

ಕರ್ನಾಟಕ ಪದ್ಧತಿಯಲ್ಲಿ ಹೊತ್ತಿನ ಕಟ್ಟು ಇಷ್ಟು ಬಿಗಿಯಾಗಿಲ್ಲ. ಆದರೂ ನೀಲಾಂಬರಿ ಜೋಗುಳದ ರಾಗ ಅನ್ನುವುದು ಎಲ್ಲರಿಗೂ ಗೊತ್ತು. ಅದನ್ನು ಓದಿನ ಪಟ್ಟಿಗೆ ಸೇರಿಸಬೇಡಿ, ಆಕಳಿಕೆ ಖಚಿತ.

ಹಂತ 5: ಪಶ್ಚಿಮದ ಕಡೆಯಿಂದ, ಮತ್ತು ಬರೀ ಸದ್ದು

ಆಲಾಪ ಕಿವಿಗೆ ಹತ್ತುತ್ತಿಲ್ಲ ಅನ್ನುವವರಿಗೆ, ಅಥವಾ ಆಲಾಪವೇ ಬಹಳ ಇಷ್ಟವಾಗಿ ಅದನ್ನೇ ಕೇಳುತ್ತಾ ಕೂರುವವರಿಗೆ (ಇಂಥವರು ಬಹಳ ಜನ ಇದ್ದಾರೆ) ಆ್ಯಂಬಿಯೆಂಟ್ ಒಳ್ಳೆಯ ದಾರಿ. ಅದರಲ್ಲಿ ಕಥೆ ಮುಂದುವರಿಯುವುದಿಲ್ಲ, ಏರುಗತಿ ಇಲ್ಲ.

ಈನೋ ಅವರ 1978ರ 'ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್' ಇಂದಿಗೂ ಒಳ್ಳೆಯ ಆರಂಭ. ಮೊದಲ ಟ್ರ್ಯಾಕ್ ಸುಮಾರು 17 ನಿಮಿಷದ ನಿಧಾನ ಪಿಯಾನೊ. ಎರಡನೆಯದರಲ್ಲಿ ಮನುಷ್ಯರ ದನಿ ಇದೆ, ಪದಗಳಿಲ್ಲ. ಒಂದೊಂದು ದನಿಯನ್ನೂ ಬೇರೆ ಬೇರೆ ಉದ್ದದ ಟೇಪಿನ ಸುರುಳಿಗೆ ಹಾಕಿದ್ದಾರೆ. ಒಂದು 23 ಸೆಕೆಂಡು ಚಿಲ್ಲರೆ, ಇನ್ನೊಂದು 25 ಚಿಲ್ಲರೆ, ಮತ್ತೊಂದು 30ಕ್ಕೆ ತುಸು ಕಡಿಮೆ. ಸುರುಳಿಗಳು ಸುತ್ತುತ್ತಲೇ ಇರುತ್ತವೆ, ಆದರೆ ಉದ್ದ ಹೊಂದದ ಕಾರಣ ಅದೇ ಜೋಡಣೆ ಮರಳಿ ಬರುವುದಿಲ್ಲ. ಬೇಸರವೂ ಇಲ್ಲ, ಅಚ್ಚರಿಯೂ ಇಲ್ಲ. ದನಿ ಕೇಳಿದರೆ ಗಮನ ಹೋಗುವವರು ಮೊದಲನೆಯದನ್ನಷ್ಟೇ ಇಟ್ಟುಕೊಳ್ಳಿ.

ಜಪಾನಿನ ಹಿರೋಶಿ ಯೋಶಿಮುರಾ 1982ರಲ್ಲಿ ಮಾಡಿದ 'ಮ್ಯೂಸಿಕ್ ಫಾರ್ ನೈನ್ ಪೋಸ್ಟ್ ಕಾರ್ಡ್ಸ್' ಮಳೆಗಾಲದ ಸಂಜೆಗೆ ಹೇಳಿ ಮಾಡಿಸಿದ್ದು. ಅಮೆರಿಕದ ಸ್ಟೀವ್ ರೋಚ್ ಅವರ 1984ರ 'ಸ್ಟ್ರಕ್ಚರ್ಸ್ ಫ್ರಮ್ ಸೈಲೆನ್ಸ್' ಶೀರ್ಷಿಕೆಯ ಟ್ರ್ಯಾಕ್ ಹತ್ತಿರ ಹತ್ತಿರ ಅರ್ಧ ಗಂಟೆ ಒಂದೇ ಉಸಿರಿನಲ್ಲಿ ಸಾಗುತ್ತದೆ. ಪಿಯಾನೊ ಇಷ್ಟಪಡುವವರಿಗೆ ಎರಿಕ್ ಸಾತಿ. ಕೋಣೆಯ ಮೇಜು ಕುರ್ಚಿಯ ಹಾಗೆ ಸುಮ್ಮನೆ ಇರುವ ಸಂಗೀತ ಎಂಬ ಕಲ್ಪನೆಯನ್ನು 1917ರಷ್ಟು ಹಿಂದೆಯೇ ಮುಂದಿಟ್ಟ ಫ್ರಾನ್ಸಿನವರು ಅವರು.

ಲೋ-ಫೈ, ಅಂದರೆ ಹಳೆ ಕ್ಯಾಸೆಟ್ಟಿನ ಸರಸರ ಸದ್ದು ಉಳಿಸಿಕೊಂಡ ನಿಧಾನಗತಿಯ ಡ್ರಮ್ ಮತ್ತು ಪಿಯಾನೊ ತುಣುಕು. ಬರೆಯುವ ಕೆಲಸಕ್ಕೆ ಅದರ ಸಮಗತಿ ಒಳ್ಳೆಯದು. ಟ್ರ್ಯಾಕುಗಳು ಎರಡು ಮೂರು ನಿಮಿಷದವು, ಮೇಲಿಂದ ಮೇಲೆ ಬದಲಾಗುತ್ತವೆ. ಹಾಗಾಗಿ ಗಾಢ ಓದಿಗೆ ನಾನು ಹೇಳುವುದಿಲ್ಲ.

ಪಕ್ಕದ ಕೋಣೆಯ ಗಲಾಟೆಗೆ ಮದ್ದು ಬರೀ ಸದ್ದು. ವೈಟ್ ನಾಯ್ಸ್‌ನಲ್ಲಿ ಎಲ್ಲ ಕಂಪನಾಂಕಗಳೂ ಸಮನಾಗಿರುತ್ತವೆ, ಕೇಳಲು 'ಶ್' ಅನ್ನುವ ಚೂಪು. ಪಿಂಕ್ ನಾಯ್ಸ್‌ನಲ್ಲಿ ಸ್ಥಾಯಿ ಒಂದು ಏರಿದಂತೆ 3 ಡೆಸಿಬೆಲ್ ಇಳಿಯುತ್ತದೆ, ಜಡಿಮಳೆಯ ಹಾಗೆ. ಬ್ರೌನ್ ನಾಯ್ಸ್‌ನಲ್ಲಿ 6 ಡೆಸಿಬೆಲ್ ಇಳಿಯುತ್ತದೆ, ದೂರದ ಜಲಪಾತದ ಮೊರೆತ. ಬ್ರೌನ್ ಅನ್ನುವುದು ಬಣ್ಣದ ಹೆಸರಲ್ಲ, ರಾಬರ್ಟ್ ಬ್ರೌನ್ ಎಂಬ ವಿಜ್ಞಾನಿಯದು. ಮಾತಿನ ಗಲಾಟೆ ಮುಚ್ಚಲು ಪಿಂಕ್ ಅಥವಾ ಬ್ರೌನ್ ಸಾಕು. ಐಫೋನ್ ಇದ್ದವರಿಗೆ ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿಯಲ್ಲಿ 'ಬ್ಯಾಕ್‌ಗ್ರೌಂಡ್ ಸೌಂಡ್ಸ್' ಅಂತ ಇದು ಮೊದಲೇ ಇದೆ.

ಇದಕ್ಕಿಂತ ನನಗೆ ಪ್ರಿಯವಾದದ್ದು ಬರೀ ತಂಬೂರಿ. ಪ ಸ ಸ ಸ, ನಾಲ್ಕೇ ಮೀಟು, ಅದರ ಮೇಲೆ ಏಳುವ ನೂರು ಬಗೆಯ ಅನುರಣನ. ತಂಬೂರಿ ಆ್ಯಪ್‌ಗಳು ಉಚಿತವಾಗಿ ಸಿಗುತ್ತವೆ, ಮನೆಯಲ್ಲಿ ಯಾರಾದರೂ ಸಂಗೀತ ಕಲಿಯುತ್ತಿದ್ದರೆ ಎಲೆಕ್ಟ್ರಾನಿಕ್ ತಂಬೂರಿ ಪೆಟ್ಟಿಗೆಯೇ ಇರುತ್ತದೆ. ಶ್ರುತಿಯನ್ನು ತಗ್ಗಿಸಿ ಇಟ್ಟುಕೊಳ್ಳಿ. ಬಾಯಿಪಾಠದ ಹೊತ್ತಿನಲ್ಲೂ ಏನಾದರೂ ಇರಲೇಬೇಕು ಅನ್ನುವವರಿಗೆ ನಾನು ಒಪ್ಪುವುದು ಇದೊಂದನ್ನೇ.

ಹಂತ 6: ಪಟ್ಟಿ ಕಟ್ಟಿ, ಫೋನನ್ನು ಪಳಗಿಸಿ

ಎಲ್‌ಪಿ ತಟ್ಟೆಯ ಒಂದು ಬದಿಗೆ 20–25 ನಿಮಿಷ ಹಿಡಿಯುತ್ತಿತ್ತು. ಹಾಗಾಗಿ ಆ ಕಾಲದ ಮುದ್ರಣಗಳಲ್ಲಿ ಒಂದು ರಾಗ ಸಾಮಾನ್ಯವಾಗಿ ಅಷ್ಟೇ ಉದ್ದ. ಒಂದು ಕೂರಿಕೆಯ ಓದಿಗೆ ಇದು ಸರಿಯಾದ ಅಳತೆ. ರಾಗ ಮುಗಿಯಿತೆಂದರೆ ಏಳಿ, ನೀರು ಕುಡಿಯಿರಿ, ಐದು ನಿಮಿಷ ಓಡಾಡಿ. ಗಡಿಯಾರದ ಗಂಟೆಗಿಂತ ಇದು ಹಿತ. ಅದಕ್ಕೂ ಹಿಂದಿನ 78 ಆರ್‌ಪಿಎಂ ತಟ್ಟೆಗಳದ್ದು ಮೂರು ಚಿಲ್ಲರೆ ನಿಮಿಷದ ಮುದ್ರಣ, ಅಪೂರ್ವವಾದವು, ಆದರೆ ಓದಿಗೆ ತುಂಡು ತುಂಡು.

ರಾತ್ರಿ 8.30ರಿಂದ 11.30ರವರೆಗೆ ಓದುವವರಿಗೆ ನನ್ನ ಜೋಡಣೆ: ಹೊಸ ಪಾಠಕ್ಕೆ ಮೊದಲ 40 ನಿಮಿಷ ಮೌನ, ಅಥವಾ ತಂಬೂರಿ. ಆಮೇಲೆ ಬಾನ್ಸುರಿಯಲ್ಲಿ ಯಮನ್ ಆಲಾಪ, ಲೆಕ್ಕಕ್ಕೆ. ವಿರಾಮ. ವೀಣೆಯ ತಾನ ಅಥವಾ ಸಿತಾರಿನಲ್ಲಿ ಬಾಗೇಶ್ರೀ, ನೋಟ್ಸಿಗೆ. ಮತ್ತೆ ವಿರಾಮ. ಕೊನೆಯ 30 ನಿಮಿಷ ಆ್ಯಂಬಿಯೆಂಟ್, ದಿನದ ಓದನ್ನು ಒಮ್ಮೆ ತಿರುವಿ ನೋಡಲು. ಒಂದು ವಾರ ಇದೇ ಕ್ರಮ ಬದಲಿಸಬೇಡಿ. ದಿನಾ ಹೊಸದು ಹುಡುಕುತ್ತಾ ಕೂತರೆ ಹುಡುಕಾಟಕ್ಕೇ ಅರ್ಧ ಗಂಟೆ ಹೋಗುತ್ತದೆ.

ಫೋನಿನಲ್ಲಿ ಮಾಡಬೇಕಾದ್ದು:

ಮೊದಲು ಡೌನ್‌ಲೋಡ್. ಜಾಹೀರಾತು ನಡುವೆ ನುಗ್ಗಿದರೆ ಆಲಾಪವೂ ಹಾಳು, ಓದೂ ಹಾಳು. 128 ಕೆಬಿಪಿಎಸ್ (ಸೆಕೆಂಡಿಗೆ ಬಳಸುವ ಡೇಟಾದ ಅಳತೆ) ಗುಣಮಟ್ಟಕ್ಕೆ ಗಂಟೆಗೆ ಸುಮಾರು 58 ಎಂಬಿ, 320ಕ್ಕೆ 144 ಎಂಬಿ ಜಾಗ ಬೇಕು. ಸಣ್ಣ ಸದ್ದಿನಲ್ಲಿ ಕೇಳುವುದಕ್ಕೆ 128 ಧಾರಾಳ. ಸಂಗೀತಕ್ಕೆ ವಿಡಿಯೋ ಓಡಿಸಬೇಡಿ, ಡೇಟಾ ಹೋಗುವುದು ಒಂದು ಕಡೆ, ಕಣ್ಣು ಪರದೆಯ ಮೇಲೇ ಇರುತ್ತದೆ.

ಆಟೋಪ್ಲೇ ಆರಿಸಿ. ಇಲ್ಲದಿದ್ದರೆ ಬಾಗೇಶ್ರೀ ಮುಗಿದ ಕೂಡಲೇ ಆ್ಯಪ್ ತನಗೆ ತೋಚಿದ್ದನ್ನು ಹಾಕುತ್ತದೆ. ಟ್ರ್ಯಾಕಿನಿಂದ ಟ್ರ್ಯಾಕಿಗೆ ಸದ್ದು ಏರಿಳಿಯುತ್ತಿದ್ದರೆ 'ನಾರ್ಮಲೈಸ್ ವಾಲ್ಯೂಮ್' ಹಾಕಿ. ಒಂದರೊಳಗೊಂದು ಕರಗಿಸುವ ಕ್ರಾಸ್‌ಫೇಡ್ ಆ್ಯಂಬಿಯೆಂಟಿಗೆ ಸರಿ, ರಾಗಕ್ಕೆ ಬೇಡ. ಎರಡು ರಾಗಗಳ ಶ್ರುತಿ ಡಿಕ್ಕಿಯಾದರೆ ಕಿವಿ ನೋಯುತ್ತದೆ.

ಕಛೇರಿಯ ಮುದ್ರಣಗಳನ್ನು ನೋಡಿ ಆರಿಸಿ. ಶುರುವಿನಲ್ಲಿ ಶ್ರುತಿ ಸೇರಿಸುವ ಟಣ್‌ಟಣ್, ನಡುವೆ 'ಆಹಾ', ಕೊನೆಯಲ್ಲಿ ಸಭಾಂಗಣ ತುಂಬಾ ಚಪ್ಪಾಳೆ. ರಾತ್ರಿ ಹನ್ನೊಂದಕ್ಕೆ ಹೆಡ್‌ಫೋನಿನಲ್ಲಿ ಆ ಚಪ್ಪಾಳೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಓದಿಗೆ ಸ್ಟುಡಿಯೋ ಮುದ್ರಣವೇ ಮೇಲು.

ಇನ್ನೊಂದು: ನುಡಿಸಿದವರು ಯಾರು, ರಾಗ ಯಾವುದು ಅಂತ ಹೇಳದ, ಹತ್ತು ಗಂಟೆ ಉದ್ದದ 'ಫ್ಲೂಟ್ ಮೆಡಿಟೇಷನ್' ವಿಡಿಯೋಗಳಲ್ಲಿ ಎಷ್ಟೋ ಸಲ ಕೊಳಲೇ ಇರುವುದಿಲ್ಲ, ಕೀಬೋರ್ಡಿನ ತುಣುಕನ್ನೇ ಮತ್ತೆ ಮತ್ತೆ ಅಂಟಿಸಿರುತ್ತಾರೆ. ಕಲಾವಿದರ ಹೆಸರಿದೆಯೇ ಅಂತ ನೋಡಿ. ಉಸಿರು ತೆಗೆದುಕೊಳ್ಳುವ ಸದ್ದು ಎಲ್ಲಾದರೂ ಕೇಳುತ್ತದೆಯೇ ಅಂತ ಕಿವಿಗೊಡಿ. ಮನುಷ್ಯರು ನುಡಿಸಿದ್ದನ್ನು ಅವರ ಹೆಸರು ಹಿಡಿದು ಕೇಳುವುದು ನಾವು ಅವರಿಗೆ ಕೊಡಬೇಕಾದ ಮರ್ಯಾದೆ.

ಹಂತ 7: ಪುಸ್ತಕ ಮುಚ್ಚಿದ ಮೇಲೆ

ಇಲ್ಲಿಂದ ಮುಂದೆ ಸಂಗೀತ ಹಿನ್ನೆಲೆಯಲ್ಲ. ಇಷ್ಟು ಹೊತ್ತು ತಳ್ಳಿಟ್ಟ ಝಾಲಾ, ದ್ರುತ್, ತನಿ ಎಲ್ಲವನ್ನೂ ಈಗ ಬರಮಾಡಿಕೊಳ್ಳಿ. ದೀಪ ಆರಿಸಿ. ಫೋನನ್ನು ಬೋರಲು ಹಾಕಿ.

ಮೊದಲ ಸಲ ಕೇಳುವವರಿಗೆ 1967ರ 'ಕಾಲ್ ಆಫ್ ದ ವ್ಯಾಲಿ' ಕೊಡುತ್ತೇನೆ. ಶಿವಕುಮಾರ ಶರ್ಮಾ ಅವರ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು, ಬ್ರಿಜ್‌ಭೂಷಣ್ ಕಾಬ್ರಾ ಅವರ ಗಿಟಾರ್. ಮುಂಜಾವಿನ ಆಹೀರ್ ಭೈರವದಿಂದ ಶುರುವಾಗಿ ರಾತ್ರಿಯವರೆಗೆ ಒಂದು ದಿನದ ಕಥೆ ಹೇಳುತ್ತದೆ. ರಾಗದ ಗಂಧ ಗೊತ್ತಿಲ್ಲದವರೂ ಒಳಗೆ ಬರಬಹುದು.

ಆಮೇಲೆ ರಾಜೀವ್ ತಾರಾನಾಥ್ (1932–2024). ಬೆಂಗಳೂರಿನಲ್ಲಿ ಹುಟ್ಟಿ, ಇಂಗ್ಲಿಷ್ ಪ್ರಾಧ್ಯಾಪಕರಾಗಿ, ಸರೋದ್ ವಾದಕ ಅಲಿ ಅಕ್ಬರ್ ಖಾನರ ಶಿಷ್ಯರಾಗಿ, ಮೈಸೂರಿನಲ್ಲಿ ಕೊನೆಯವರೆಗೂ ಸರೋದ್ ಹಿಡಿದವರು. ಅವರ ಆಲಾಪದಲ್ಲಿ ಸ್ವರಕ್ಕೂ ಸ್ವರಕ್ಕೂ ನಡುವಿನ ಮೌನಕ್ಕೆ ಒಂದು ತೂಕವಿದೆ. ಕನ್ನಡದ ಮನೆಗಳಲ್ಲಿ ಅವರನ್ನು ಇನ್ನೂ ಹೆಚ್ಚು ಕೇಳಬೇಕು.

ಇನ್ನೂ ಆಳಕ್ಕೆ ಇಳಿಯಬೇಕು ಅನ್ನುವವರಿಗೆ ಜಿಯಾ ಮೊಹಿಯುದ್ದೀನ್ ಡಾಗರ್ (1929–1990) ಅವರ ರುದ್ರವೀಣೆ. ಆ ಮಂದ್ರ ಸ್ವರಗಳು ಕಿವಿಗಿಂತ ಮೊದಲು ಎದೆಗೆ ತಾಕುತ್ತವೆ. ಫೋನಿನ ಸ್ಪೀಕರಿನಲ್ಲಿ ಅವು ಕೇಳಿಸುವುದೇ ಇಲ್ಲ, ಇದೊಂದಕ್ಕೆ ಹೆಡ್‌ಫೋನ್ ಬೇಕೇ ಬೇಕು. ದರ್ಬಾರಿ ಎತ್ತಿಟ್ಟಿದ್ದವರು ಈ ಹೊತ್ತಿಗೆ ಹಾಕಿಕೊಳ್ಳಿ.

ಏನು ಹಾಕಬೇಕೆಂದು ತೋಚದ ರಾತ್ರಿ ಆಕಾಶವಾಣಿಗೆ ತಿರುಗಿಸಿ. ಶಾಸ್ತ್ರೀಯ ಸಂಗೀತಕ್ಕೇ ಮೀಸಲಾದ 'ರಾಗಂ' ವಾಹಿನಿ 2016ರಲ್ಲಿ ಶುರುವಾಯಿತು. ಆಯ್ಕೆಯ ಭಾರ ನಿಮ್ಮ ಮೇಲಿರುವುದಿಲ್ಲ, ಗೊತ್ತಿಲ್ಲದ ಕಲಾವಿದರು ಕಿವಿಗೆ ಬೀಳುತ್ತಾರೆ. ಆಕಾಶವಾಣಿ ಎಂಬ ಹೆಸರು ಬಂದದ್ದೇ ಮೈಸೂರಿನಿಂದ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಶುರು ಮಾಡಿದ ಬಾನುಲಿ ಕೇಂದ್ರದ ಹೆಸರು ಅದು. ಅವರು ಮನೋವಿಜ್ಞಾನದ ಪ್ರಾಧ್ಯಾಪಕರಾಗಿದ್ದರು ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ.

ನಿದ್ದೆಗೆ ಕೇಳುವವರು ಸ್ಲೀಪ್ ಟೈಮರ್ ಇಡಲು ಮರೆಯಬೇಡಿ, 30 ಅಥವಾ 45 ನಿಮಿಷ. ಎಷ್ಟೋ ಆ್ಯಪ್‌ಗಳಲ್ಲಿ ಅದು ಇದೆ. ಐಫೋನಿನಲ್ಲಾದರೆ ಗಡಿಯಾರದ ಟೈಮರಿನಲ್ಲಿ ಗಂಟೆಯ ಸದ್ದಿನ ಬದಲು 'ಸ್ಟಾಪ್ ಪ್ಲೇಯಿಂಗ್' ಆರಿಸಿ. ರಾತ್ರಿಯಿಡೀ ಇಯರ್‌ಬಡ್ ಹಾಕಿಕೊಂಡು ಮಲಗಬೇಡಿ, ಕಿವಿಯೊಳಗೆ ಬೆವರಿ ಸೋಂಕಾಗಬಹುದು. ಚಾರ್ಜಿಗೆ ಹಾಕಿದ ಫೋನ್ ದಿಂಬಿನ ಕೆಳಗೆ ಇರಲೇಬಾರದು, ಬಿಸಿಯೇರುತ್ತದೆ. ಸಂಗೀತ ಸಂಯೋಜಕ ಮ್ಯಾಕ್ಸ್ ರಿಕ್ಟರ್ 2015ರಲ್ಲಿ ಎಂಟು ಗಂಟೆಗೂ ಮೀರಿದ 'ಸ್ಲೀಪ್' ಎಂಬ ಕೃತಿಯನ್ನೇ ಮಾಡಿದ್ದಾರೆ, ರಾತ್ರಿಯಿಡೀ ಸಂಗೀತ ಬೇಕೆನ್ನುವವರು ಅದನ್ನು ಸ್ಪೀಕರಿನಲ್ಲಿ, ತೀರಾ ಸಣ್ಣಗೆ ಹಾಕಿಕೊಳ್ಳಬಹುದು.

ಕೇಳುತ್ತಾ ಎಲ್ಲಿ ನಿದ್ದೆ ಹತ್ತಿತು ಅಂತ ಬೆಳಿಗ್ಗೆ ನೆನಪಿರುವುದಿಲ್ಲ. ಮರುರಾತ್ರಿ ಆ ರಾಗವನ್ನು ನಡುವಿನಿಂದ ಹಿಡಿಯಬೇಡಿ, ಮೊದಲ ಷಡ್ಜದಿಂದಲೇ ಹಾಕಿ.